ಮಾಳಿಗೆಗೆ ಹಾಕಿದ ಮಣ್ಣು

...ಅಥವಾ ಮಣ್ಣು ಬೂದು ಬಣ್ಣದ್ದಾಗಿತ್ತು ಎನ್ನುವುದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಬುಟ್ಟಿ ಭಾರವಾಗಿತ್ತು ಎನ್ನುವುದನ್ನೂ. ಸೀಸದ ವಿಷಯ ತಿಳಿದ ಮೇಲೆ ಹಳೆಯ ಬುಟ್ಟಿಗೆ ಭಾರ ತುಂಬುವುದು ಸುಲಭ. ಅನುಮಾನವಿಲ್ಲದ್ದನ್ನು ಮೊದಲು ಹೇಳಿಬಿಡುತ್ತೇನೆ.

ರಾಯದುರ್ಗದಲ್ಲಿ ನಮ್ಮ ತವರಿನ ಓಣಿಯ ಹಿಂದೆ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡೊಂದಿತ್ತು. ಮುಚ್ಚಿ ಬಹಳ ವರ್ಷವಾಯಿತು. ಹೋದ ಚಳಿಗಾಲದಲ್ಲಿ ಮುಖಕ್ಕೆ ಮಾಸ್ಕು ಹಾಕಿದವರು ಬಂದು ಅಲ್ಲಿನ ನೆಲವನ್ನು ಕೆತ್ತಿ, ಚೀಲಗಳಿಗೆ ತುಂಬಿ, ಲಾರಿಯಲ್ಲಿ ಸಾಗಿಸಿ, ಮೇಲೆ ಹೊಸ ಕೆಮ್ಮಣ್ಣು ಹರಡಿದರು. ಅದೇ ವೇಳೆಗೆ ಓಣಿಯ ಮಕ್ಕಳ ರಕ್ತ ಪರೀಕ್ಷೆಯಾಯಿತು. ತಂಗಿಯ ಎರಡೂವರೆ ವರ್ಷದ ಮಗಳ ರಕ್ತದಲ್ಲಿ ಸೀಸ ಸೇರಿತ್ತು. ನೆಲ ಶುಚಿಯಾಯಿತಲ್ಲ, ಇನ್ನು ಇಳಿಯುತ್ತದೆ ಎಂದರು. ಬೇಸಿಗೆಯಲ್ಲಿ ಮತ್ತೆ ನೋಡಿದಾಗ ಏರಿತ್ತು.

ತಂಗಿ ಮನೆಯಲ್ಲೇ ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಾಳೆ. ಹಾಗಾಗಿ ಮೊದಲ ಅನುಮಾನ ಬಿದ್ದದ್ದು ಗುಂಡಿಗಳ ಮೇಲೆ, ಆಮೇಲೆ ಬಟ್ಟೆಯ ನೀಲಿಯ ಮೇಲೆ. ಶುಚಿ ಕೆಲಸದ ಎಂಜಿನಿಯರಮ್ಮ ಸೀಸ ಪತ್ತೆ ಮಾಡುವ ಪಿಸ್ತೂಲಿನಂಥ ಯಂತ್ರ ಹಿಡಿದು ಮನೆಗೇ ಬಂದಾಗ ನಾನೂ ಮಡಕಶಿರದಿಂದ ಬಂದಿದ್ದೆ. ಗುಂಡಿ, ಬಟ್ಟೆ, ಒರೆಸಿದ ನೆಲ, ನೀರಿನ ಕೊಡ, ಎಲ್ಲಕ್ಕೂ ಹಿಡಿದರು. ಏನೂ ಇಲ್ಲ. ಟ್ರಂಕಿನ ಮೇಲಿನ ಧೂಳಿಗೆ ಹಿಡಿದಾಗ ಯಂತ್ರದ ಪರದೆಯನ್ನು ಎರಡು ಸಲ ನೋಡಿದರು. ಆಮೇಲೆ ತಲೆ ಎತ್ತಿ ಜಂತಿಗಳನ್ನು ನೋಡಿದರು.

ನಮ್ಮದು ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗೆ ಮುಂಚೆ ಹಳ್ಳದ ದಂಡೆಯಿಂದ ಚೌಳು ಮಣ್ಣು ತಂದು ಮೇಲೆ ಹೊಸ ಪದರ ಹಾಕುತ್ತೇವೆ. ಆ ಉಪ್ಪುಮಣ್ಣು ನೀರನ್ನು ಒಳಗೆ ಬಿಡುವುದಿಲ್ಲ. ಜಂತಿಯ ಸಂದಿನಿಂದ ಒಂದಿಷ್ಟು ಸದಾ ಉದುರುತ್ತಿರುತ್ತದೆ. ಎಂಜಿನಿಯರಮ್ಮ ಏಣಿ ಹತ್ತಿ ಮಾಳಿಗೆಯ ಮೇಲೂ ಯಂತ್ರ ಹಿಡಿದು ಇಳಿದರು.

"ಮೇಲಿನ ಪದರ ಚೆನ್ನಾಗಿದೆ. ಇದು ಮೇಲ್ಮೈ ಮಾತ್ರ ನೋಡುತ್ತಮ್ಮಾ. ಒಳಗಡೆ ಗೊತ್ತಾಗ್ಬೇಕಂದ್ರೆ ಅಗೀಬೇಕು."

"ಮಳಿ ಬರೋ ಹೊತ್ತಿನ್ಯಾಗ ಮಾಳಿಗಿ ಅಗೀತೀರಾ?" ಅವ್ವ ಕೇಳಿದಳು. "ನಿಮ್ಮನ್ಯಾಗ ಜಾಗ ಐತೇನ್ರಿ, ನಾವು ಮಲಗಾಕ?"

"ಸುಮ್ನೆ ಅಗಿಯೋಕೆ ನನಗೂ ಪರ್ಮಿಷನ್ ಇಲ್ಲ, ಶೆಡ್ಡಿನ ಮಣ್ಣಿಗೆ ಮಾತ್ರ. ಶೆಡ್ಡಿನ ಮಣ್ಣು ಈ ಮನೆಗೆ ತಂದಿದ್ವಿ ಅಂತ ಯಾರಾದ್ರೂ ಸಂತಕಂ ಮಾಡಿದ್ರೆ ಅಗಿಯೋ ಲಿಸ್ಟಲ್ಲಿ ಹಾಕ್ತೀನಿ. ಮಣ್ಣು ಒಯ್ಯೋ ಲಾರಿ ನಾಳೆ ಒಂದು ದಿನ ಸಿಗುತ್ತೆ, ಅಷ್ಟೇ." ಅವರು ಸಹಿಯ ಕಾಗದ ಮುಂದೆ ಹಿಡಿದರು.

"ತಂದಿಲ್ಲ. ನಾ ಈ ಮನಿಗೆ ಬಂದಾಗಿಂದ ಹಳ್ಳದ ಚೌಳ ಹಾಕೀನಿ. ಹಂಗಂತ ಬರಕೊಳ್ರಿ," ಎಂದಳು ಅವ್ವ.

ಆಗ ನನಗೆ ನೆನಪಾಯಿತು. ನೆನಪಾಯಿತೋ, ಬೇಕಾಗಿದ್ದರಿಂದ ಒದಗಿಬಂತೋ. ಅವ್ವನಿಗೆ ಟೈಫಾಯ್ಡ್ ಆಗಿದ್ದ ವರ್ಷ. ನಾನು ಪಾಠ ಹೇಳುವ ಮಡಕಶಿರದ ಶಾಲೆಗೆ ರಜೆ ಬಿಟ್ಟಾಗ ಬಂದಿದ್ದೆ. ಹಳ್ಳ ದೂರ, ಬಿಸಿಲು. ಶೆಡ್ಡಿನ ಹಿಂದಿನ ಗೋಡೆಯ ಪಕ್ಕ ಹಿಟ್ಟಿನಂಥ ಮಣ್ಣು. ಚೌಳನ್ನು ನಾಲಿಗೆಗೆ ಇಟ್ಟು ಉಪ್ಪು ನೋಡಿ ಆರಿಸುವುದು ಅವ್ವ ಕಲಿಸಿದ ರೀತಿ. ನಾನು ಇಟ್ಟು ನೋಡಿದೆ. ಸ್ವಲ್ಪ ಸಿಹಿ ಎನಿಸಿತು. ಸೀಸ ಸಿಹಿ ಎಂದು ಎಲ್ಲೋ ಓದಿದ ನಂತರದ ನೆನಪು ಇದು, ಸಾಕ್ಷಿಗೆ ಕರೆಯಲಾರೆ.

"ಒಂದು ವರ್ಷ ಶೆಡ್ಡಿನ ಹಿಂದಿಂದ ತಂದಿದ್ವಿ ಅಲ್ಲೇನು?" ಎಂದೆ.

ತಂಗಿ ಹೊಲಿಗೆ ಮಷಿನ್ನಿನಿಂದ ಕಾಲು ತೆಗೆದಳು. "ಅವ್ವಗ ಜ್ವರ ಬಂದಾಗಾ? ಅಕ್ಕಾ, ಆ ವರ್ಷ ನೀ ಬಂದೇ ಇಲ್ಲ. ಪೇಪರ್ ತಿದ್ದೋ ಡ್ಯೂಟಿ ಬಿದ್ದೈತಿ ಅಂತ ಫೋನ್ ಮಾಡಿದ್ದಿ. ನಾನೂ ಮಗ್ಗಲಮನಿ ಅಕ್ಕನೂ ಹಾಕಿದ್ವಿ."

"ಎಲ್ಲಿಂದ ತಂದ್ರಿ?"

"ಹಳ್ಳದಿಂದ." ಜೇಬಿನ ದಾರ ಕಡಿದು, "ಹಳ್ಳದಿಂದನ ಇರಬೇಕು."

"ಆರ್‌ಸಿಸಿ ಮನ್ಯಾಗ ಇರಾಕಿಗೆ ನಮ್ಮ ಮಾಳಿಗಿ ನೆನಪು ಬಂತು ನೋಡ್ರಿ," ಅವ್ವ ಎಂಜಿನಿಯರಮ್ಮನಿಗೆ ಹೇಳಿದಳು. "ಮೊನ್ನಿ ಬಸ್ಸಿನ್ಯಾಗ ಛತ್ರಿ ಬಿಟ್ಟು ಬಂದಾಳ, ಯಾವ ಬಸ್ಸು ಅಂತ ಗೊತ್ತಿಲ್ಲ."

ಎಂಜಿನಿಯರಮ್ಮ ನಗಲಿಲ್ಲ. ಮಷಿನ್ನಿನ ಕೆಳಗೆ ಕೂತಿದ್ದ ಮಗು ಬೆರಳನ್ನು ನೆಲಕ್ಕೆ ಒತ್ತಿ, ಅಂಟಿದ ಧೂಳನ್ನು ನೋಡಿ, ಬಾಯಿಗೆ ಒಯ್ದಿತು. ತಂಗಿ ಬಗ್ಗಿ ಕೈ ಹಿಡಿದಳು. ಹಿಡಿದದ್ದು ಜೋರಾಯಿತೇನೋ, ಮಗು ಅತ್ತಿತು.

"ಏನು ಬರೀಲಿ?" ಎಂಜಿನಿಯರಮ್ಮ ನನ್ನನ್ನು ಕೇಳಿದರು.

"ನಾನ ತಂದಿದ್ದೆ ಅಂತ ಬರೀರಿ."

ಯಾವ ವರ್ಷ, ಎಷ್ಟು ಬುಟ್ಟಿ ಎಂದು ಕೇಳಿದರು. ಹೇಳಿದೆ. ಆ ವರ್ಷವೂ ಆ ಬುಟ್ಟಿಗಳೂ ನಾನು ಬಾಯಿ ತೆರೆದಾಗ ಹುಟ್ಟಿದವು. ಸಹಿ ಮಾಡುವಾಗ ಅವ್ವ ತನ್ನ ಚಾಪೆ ಸುತ್ತಿಕೊಂಡು ಪಕ್ಕದ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಮಗುವನ್ನು ಓಣಿಯಾಚೆ ಕಳಿಸಿ ಮಾಳಿಗೆ ಅಗೆದರು. ಬಳ್ಳಾರಿ ಕಡೆ ಮೋಡವಿತ್ತು. ಮಣ್ಣು ಹಾರದಂತೆ ನೀರು ಚಿಮುಕಿಸುತ್ತ ಹೆಂಟೆ ಹೆಂಟೆಯಾಗಿ ಕಿತ್ತರು. ಒಂದು ಬೂದು ಪದರ ಕಾಣುತ್ತದೆಂದು ನಾನು ಹಗಲಿಡೀ ಅಂಗಳದಲ್ಲಿ ನಿಂತೆ. ನೀರು ಬಿದ್ದು ಎಲ್ಲ ಹೆಂಟೆಗಳೂ ಒಂದೇ ಕಂದು ಬಣ್ಣಕ್ಕೆ ತಿರುಗಿದ್ದವು. ಸಂಜೆ ಜಂತಿಗಳ ಮೇಲೆ ತಗಡು ಹೊದಿಸಿದರು.

ಆ ಮಣ್ಣಿನಲ್ಲಿ ಸೀಸವಿತ್ತು. ಪರೀಕ್ಷೆಯ ವರದಿ ಬಂದಾಗ ಎಂಜಿನಿಯರಮ್ಮ ಫೋನಿನಲ್ಲಿ ಹೇಳಿದರು. ನಾನು ತಂದದ್ದರಿಂದಲೇ ಬಂತೇ ಎಂದು ಕೇಳಿದೆ. "ಹಾಗೆ ಹೇಳೋಕಾಗಲ್ಲ ಮೇಡಂ. ಶೆಡ್ಡಿನ ಹೊಗೆ ಅಷ್ಟು ವರ್ಷ ಆ ಓಣಿ ಮೇಲೇ ಬಿದ್ದಿದೆ. ಹೊಗೆದಾ, ಬುಟ್ಟಿದಾ ಅಂತ ಈ ಪರೀಕ್ಷೆ ಹೇಳಲ್ಲ." ಓಣಿಯ ಬೇರೆ ಮಾಳಿಗೆಗಳನ್ನು ಅಗೆದಿಲ್ಲ. ಅಲ್ಲಿ ಯಾರೂ ಸಹಿ ಮಾಡಿಲ್ಲ.

ತಂಗಿಯೂ ಮಗುವೂ ಈಗ ಮಡಕಶಿರದಲ್ಲಿ ನನ್ನ ಜೊತೆಗಿದ್ದಾರೆ. ಮೊನ್ನೆ ಮತ್ತೆ ರಕ್ತ ಕೊಟ್ಟು ಬಂದೆವು. ಫಲಿತಾಂಶ ಇನ್ನೂ ಬಂದಿಲ್ಲ. ಇಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಆ ಮಣ್ಣನ್ನು ನಾನು ಹೊತ್ತೆನೋ ಇಲ್ಲವೋ, ಅದೂ ಗೊತ್ತಿಲ್ಲ.