ಕುಣಿ ಮುಚ್ಚಿದ ಜಾಗ

ಟೇಬಲ್ಲಿನ ಹಿಂದೆ ಕೂತವರು ಏನು ಹೇಳಿದರೂ ನಾನು ಕೇಳಿಬಿಡುತ್ತೇನೆ. ಇದು ಕಾನ್ವೆಂಟಿನಿಂದ ಅಂಟಿದ ಜಡ್ಡು. ಬೆಳಗಾವಿಯ ಸಿಸ್ಟರ್‌ಗಳು ನಮಗೆ ಗ್ರಾಮರ್, ಎಂಬ್ರಾಯ್ಡರಿ, ಮ್ಯಾನರ್ಸ್ ಎಲ್ಲ ಕಲಿಸಿದರು. 'ಯಾಕೆ' ಎಂದು ಕೇಳುವುದೊಂದನ್ನು ಬಿಟ್ಟು. ಈಗ ಎಪ್ಪತ್ತು ದಾಟಿದೆ. ಬ್ಯಾಂಕಿಗೆ ಹೋಗಲಿ, ದವಾಖಾನೆಗೆ ಹೋಗಲಿ, ಟೇಬಲ್ ಕಂಡ ಕೂಡಲೇ ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತವೆ.

ಇದೇ ಜಡ್ಡಿನಿಂದ ನಮ್ಮ ಯಜಮಾನರ ಮಗ್ಗ ಹೋಯಿತು.

ನಮ್ಮದು ಕೃಷ್ಣೆಯ ದಂಡೆಯ ನೇಕಾರರ ಊರು. ಓಣಿ ತುಂಬ ಪವರ್‌ಲೂಮಿನ ಖಟಖಟ. ನಮ್ಮ ಪಡಸಾಲೆಯಲ್ಲಿ ಮಾತ್ರ ಹಳೆಯ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ಯಜಮಾನರಿಗೆ ರಬಕವಿಯಲ್ಲಿ ಸೀರೆಯ ಅಂಗಡಿ ಇತ್ತು, ಆದರೂ ಬೆಳಗಿನ ಎರಡು ತಾಸು ಕುಣಿ ಬಿಟ್ಟು ಏಳುತ್ತಿರಲಿಲ್ಲ. ಅವರು ಹೋಗಿ ಒಂಬತ್ತು ವರ್ಷ. ಕೊನೆಯ ಸೀರೆ ಕೊಯ್ದ ಮೇಲೆ ಒಂದು ಗೇಣು ಎಳೆ ಮಗ್ಗದಲ್ಲೇ ಉಳಿದಿತ್ತು. ನೇಕಾರರು ಮಗ್ಗವನ್ನು ಬರಿದು ಮಾಡುವುದಿಲ್ಲ ನೋಡಿ. ಹಳೆಯ ಹಾಸಿನ, ಅಂದರೆ ಉದ್ದದ ಎಳೆಗಳ, ತುದಿ ಬಿಟ್ಟಿರುತ್ತಾರೆ, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆದು ಕೂಡಿಸುತ್ತಾರೆ. ಹೀಗೆ ಈ ಸೀರೆ ಹಿಂದಿನ ಸೀರೆಗೆ, ಅದು ಅದರ ಹಿಂದಿನದಕ್ಕೆ, ನಮ್ಮ ಮಾವನವರ ಕಾಲದ ತನಕ. ಆ ಗೇಣು ಎಳೆಗೆ ಅವರು ಹೊಸದನ್ನು ಕೂಡಿಸುವವರಿದ್ದರು. ಆಗಲಿಲ್ಲ. ಸೋಮವಾರಕ್ಕೊಮ್ಮೆ ನಾನು ಅದರ ಧೂಳು ಹೊಡೆಯುತ್ತಿದ್ದೆ. ನನ್ನ ನೇಯ್ಗೆ ಅಷ್ಟೇ.

ಹೋದ ವರ್ಷ ನಮ್ಮೂರ ಪುರಸಭೆಯಿಂದ ನೋಟಿಸು ಬಂತು. ಮನೆಯಲ್ಲಿ ಮಗ್ಗವಿದೆ, ಆದ್ದರಿಂದ ಇದು ಕಮರ್ಷಿಯಲ್, ಆದ್ದರಿಂದ ತೆರಿಗೆ ಹೆಚ್ಚು. ನಾನು 'ವಿತ್ ಡ್ಯೂ ರಿಸ್ಪೆಕ್ಟ್' ಎಂದು ಶುರು ಮಾಡಿ ಎರಡು ಪುಟದ ತಕರಾರು ಬರೆದೆ. ಒಂದು ಕಾಮಾ ಕೂಡ ತಪ್ಪಿರಲಿಲ್ಲ. ಟೇಬಲ್ಲಿನ ಹಿಂದಿದ್ದ ಕ್ಲಾರ್ಕ್ ಮಹಾದೇವಪ್ಪ ಅದನ್ನು ಓದದೆ ಫೈಲಿಗೆ ಸೇರಿಸಿ, ಮೆತ್ತಗೆ ಹೇಳಿದರು: "ಅವ್ವಾರ, ಮಗ್ಗ ಇರೂತನಕ ಈ ತಕರಾರು ಮುಗಿಯೂದಿಲ್ರಿ. ತಗಿಸಿಬಿಡ್ರಿ, ಆತು."

ಯೆಸ್ ಸಿಸ್ಟರ್.

ಬಡಿಗ ಬಂದ. ಕಟ್ಟಿಗೆ ಬಿಚ್ಚಿದ, ಎಳೆಗೆ ಮಾತ್ರ ಕೈ ಹಚ್ಚಲಿಲ್ಲ. "ಅದನ್ನ ನೀವ ಕೊಯ್ರಿ," ಎಂದ. ಅಡುಗೆಮನೆಯ ಕತ್ತರಿ ತಂದು ನಾನೇ ಕೊಯ್ದೆ. ಕುಣಿಗೆ ಮಣ್ಣು ತುಂಬಿ ಮೇಲೆ ಫರಸಿ ಕಲ್ಲು ಹಾಕಿಸಿದೆ. ನನ್ನ ಜೊತೆಗಿರುವ ನಾದಿನಿ ಗೌರವ್ವ, ಸಣ್ಣವಳಿದ್ದಾಗಿನಿಂದ ಅಣ್ಣನಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಟ್ಟವಳು, ಅಂದು ಮಹಾಲಿಂಗಪುರಕ್ಕೆ ಮದುವೆಗೆ ಹೋಗಿದ್ದಳು. ತಿರುಗಿ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಮೂರು ತಿಂಗಳಿಗೆ ಆರ್ಡರ್ ಬಂತು. ನಿಂತ ಮಗ್ಗದಿಂದ ಮನೆ ಅಂಗಡಿಯಾಗುವುದಿಲ್ಲ, ನೋಟಿಸು ಕೊಟ್ಟದ್ದೇ ತಪ್ಪು, ತೆರಿಗೆ ಮೊದಲಿನಷ್ಟೇ.

"ಇನ್ನೊಮ್ಮೆ ಓದು ವೈನಿ," ಎಂದಳು ಗೌರವ್ವ. "ಇಂಗ್ಲಿಷ್ ಸಾಲಿ ಕಲ್ತಾಕಿ ನೀ. ಮಗ್ಗ ಇದ್ರೂ ನಡಿತಿತ್ತು ಅಂತ ಬರದಾರೊ ಇಲ್ಲೊ?"

"ಬರದಾರ."

"ಹಂಗಾರ ನಮ್ಮಣ್ಣನ ಮಗ್ಗ ಹೊಳ್ಳಿ ಕೊಡ್ರಿ ಅಂತ ನೀನೂ ಬರಿ."

ಹೀಗೆ ಈ ವಯಸ್ಸಿನಲ್ಲಿ ನಾನು ಕಾಂಪನ್ಸೇಶನ್ ಕೇಳಲು ಕೂತೆ. 'ಆದ ನಷ್ಟ' ಎಂಬಲ್ಲಿ ಮಗ್ಗ ಎಂದು ಬರೆದೆ. ಅದರ ಕಟ್ಟಿಗೆ ಮಾಳಿಗೆಯ ಮೇಲೆ ಹಾಗೇ ಇದೆಯಲ್ಲ ಎಂದು ಹೊಡೆದುಹಾಕಿದೆ. ಕುಣಿ ಎಂದು ಬರೆದೆ. ನೆಲದಲ್ಲಿದ್ದ ಒಂದು ತೆಗ್ಗನ್ನು ಕಳಕೊಂಡೆ ಎಂದರೆ ನಗುತ್ತಾರೆ. ಕಾನ್ವೆಂಟಿನಲ್ಲಿ ಒಮ್ಮೆ ಜಗಳದಲ್ಲಿ ಗೆಳತಿಯ ರಿಬ್ಬನ್ ಹರಿದಿದ್ದೆ. ಸಿಸ್ಟರ್ ನನ್ನ ಹೊಸ ರಿಬ್ಬನ್ ಬಿಚ್ಚಿಸಿ ಅವಳಿಗೆ ಕೊಡಿಸಿದರು. ನ್ಯಾಯ ಸರಿಯಾಗಿಯೇ ಇತ್ತು. ಅವಳು ಮಾತ್ರ ಸಂಜೆ ತನಕ ಅತ್ತಳು. ಹರಿದದ್ದು ಅವಳ ತೀರಿಹೋದ ತಾಯಿ ಕಟ್ಟಿ ಕಳಿಸಿದ್ದು. ಕೊನೆಗೆ ನಾನು 'ಎಳೆ, ಒಂದು ಗೇಣು' ಎಂದು ಬರೆದು ಸಹಿ ಮಾಡಿದೆ.

ಉತ್ತರವನ್ನು ಹೋದ ವಾರ ಮಹಾದೇವಪ್ಪನವರೇ ತಂದರು. ಮಗ್ಗವನ್ನು ಮಾಲಕರು ಸ್ವಂತ ಇಚ್ಛೆಯಿಂದ ತೆಗೆಸಿದ್ದಾರೆ, ಪರಿಹಾರಕ್ಕೆ ಅವಕಾಶವಿಲ್ಲ. ಟಪಾಲಿಗೆ ಹಾಕಿದ್ದರೂ ನಡೆಯುತ್ತಿತ್ತು.

"ಒಳಗ ಬರ್ರಿ," ಎಂದಳು ಗೌರವ್ವ. "ಈಗ ಜಾಗಾ ಭಾಳ ಆಗೈತಿ."

ಖುರ್ಚಿ ಎದುರುಗಡೆ ಇತ್ತು. ಅವರು ನೆಟ್ಟಗೆ ನಾಲ್ಕು ಹೆಜ್ಜೆ ಬಂದು, ಕುಣಿ ಇದ್ದಲ್ಲಿಗೆ ಬಂದ ಕೂಡಲೇ ಸರಿದು, ಗೋಡೆಗುಂಟ ಸುತ್ತಿಕೊಂಡು ಹೋಗಿ ಕೂತರು. ಫರಸಿ ಹೊಸದು, ಗುರುತು ಬಣ್ಣದಲ್ಲಷ್ಟೇ ಇದೆ.

"ನಿಮ್ಮ ಮನಿಯಾಗೂ ಇತ್ತೇನ್ರಿ?" ಎಂದೆ.

"ನಮ್ಮಪ್ಪಂದಿತ್ರಿ."

ನಮ್ಮಿಬ್ಬರ ನಡುವೆ ಟೇಬಲ್ ಇರಲಿಲ್ಲ. ಅದಕ್ಕೇ ಇರಬೇಕು, ನನಗೆ ಬಾಯಿ ಬಂತು. "ಮತ್ತ ಅವತ್ತು ಯಾಕ ಹಂಗ ಹೇಳಿದ್ರಿ?"

ಅವರು ಫರಸಿಯನ್ನೇ ನೋಡುತ್ತ ಕೂತರು. "ಲಗೂ ಮುಗೀಲಿ ಅಂತ್ರಿ, ಅವ್ವಾರ."

ನಾನೂ ಬೇಗ ಮುಗಿಯಲಿ ಎಂದೇ ಕತ್ತರಿ ಹಿಡಿದಿದ್ದೆ. ಧೂಳು ಹೊಡೆದು ಹೊಡೆದು ಸಾಕಾಗಿತ್ತು. ಇದನ್ನು ಗೌರವ್ವನಿಗೆ ಇನ್ನೂ ಹೇಳಿಲ್ಲ. ಅವಳು ಚಹಾ ತಂದಳು, ಗೋಡೆಗುಂಟ. ಕುಡಿದು ಅವರು ಹೊರಟರು, ಗೋಡೆಗುಂಟ.

ಹೊಸ ಸೊಸೆಯಾಗಿ ಬಂದ ವರ್ಷ ನಾನು ಎರಡು ಸಲ ಆ ಕುಣಿಯಲ್ಲಿ ಬಿದ್ದಿದ್ದೇನೆ. ಎರಡೂ ಸಲ ಯಜಮಾನರು ನಗುತ್ತ ಕೈ ಕೊಟ್ಟು ಎತ್ತಿದ್ದರು. ಈಗ ಬೀಳುವ ಭಯವೇನೂ ಇಲ್ಲ. ಆದರೂ ಸುತ್ತಿಕೊಂಡೇ ಹೋಗುತ್ತೇನೆ.