ವಿಂಚಿನ ಬುಡದ ತೇಪೆ

ನನ್ನ ಗಂಡ ಕಾಮಾಲೆಯಿಂದ ತೀರಿಕೊಂಡದ್ದು ಮಳೆಗಾಲದಲ್ಲಿ, ನಮ್ಮೂರು ಬೆಂಗ್ರೆಯ ಬೋಟುಗಳನ್ನೆಲ್ಲ ದಡಕ್ಕೆ ಎಳೆದು ತೆಂಗಿನ ಮಡಲು ಹೊದಿಸಿದ್ದ ಹೊತ್ತಿನಲ್ಲಿ. ಉತ್ತರಕ್ರಿಯೆಯ ಬೊಜ್ಜದ ಊಟ ಉಂಡು ಹೊರಟವರೆಲ್ಲ, "ಒಮ್ಮೆ ಅತ್ತುಬಿಡು, ಹಗುರ ಆಗ್ತದೆ" ಎಂದರು. ಅಳು ಬರಬೇಕಲ್ಲ! ನನಗೆ ದುಃಖವೂ ಇರಲಿಲ್ಲ, ಹಸಿವೂ ಇರಲಿಲ್ಲ. ಅಕ್ಕಿ ಕೇರು ಎಂದರೆ ಕೇರುತ್ತಿದ್ದೆ, ಮಲಗು ಎಂದರೆ ಮಲಗುತ್ತಿದ್ದೆ.

ಮನೆ ನಡೆಯುತ್ತಿದ್ದದ್ದು ಆ ಒಂದು ಬೋಟಿನಿಂದ. ಇನ್ನು ಅದನ್ನು ಕಡಲಿಗೆ ಒಯ್ಯಬೇಕಾದವನು ಮೈದುನ. ಆದರೆ ಡೆಕ್ಕು ಸೋರುತ್ತಿತ್ತು. ಎಂಬತ್ತರ ದಶಕದ ಆ ದಿನಗಳಲ್ಲಿ ಫೈಬರ್ ಬೋಟು ನಮಗೆ ಹೊಸದು. ಅದರ ಡೆಕ್ಕೆಂದರೆ ಮೇಲೊಂದು ಕೆಳಗೊಂದು ಫೈಬರಿನ ಪದರ, ನಡುವೆ ಪ್ಲೈವುಡ್. ಬಲೆ ಎಳೆಯುವ ಯಂತ್ರವಾದ ವಿಂಚಿನ ಬೋಲ್ಟುಗಳ ತೂತಿನಿಂದ ನೀರು ಆ ನಡುವಿನ ಮರಕ್ಕೆ ಇಳಿಯುತ್ತಿತ್ತು. ಗಂಡ ಪ್ರತಿ ಮಳೆಗಾಲವೂ ಅಲ್ಲಿ ತೇಪೆಯ ಮೇಲೆ ತೇಪೆ ಹಾಕುತ್ತಿದ್ದರು. ಮರದ ದೋಣಿಯ ಬಿರುಕಿಗೆ ಹತ್ತಿ ತುರುಕಿ ಎಣ್ಣೆ ಬಳಿದು ಪಳಗಿದ ಕೈ ಅದು. ಕಂಡ ತೂತನ್ನು ಮುಚ್ಚಿದರೆ ಕೆಲಸ ಮುಗಿಯಿತು ಎಂದೇ ಅವರು ನಂಬಿದ್ದರು.

ಮಳೆ ಹೊಳವಾದ ಒಂದು ಬೆಳಿಗ್ಗೆ ಬೋಟು ರಿಪೇರಿಯ ಮೇಸ್ತ್ರಿ ಬಂದರು. ಸುತ್ತಿಗೆಯ ಹಿಡಿಯಿಂದ ಡೆಕ್ಕನ್ನು ಬಡಿಯುತ್ತಾ ಹೋದರು. ಎಲ್ಲ ಕಡೆ ಟಣ್ ಟಣ್ ಎಂದದ್ದು ವಿಂಚಿನ ಸುತ್ತ ಮಾತ್ರ ದಬ್ ದಬ್ ಎಂದಿತು. ಅಲ್ಲಿ ಡ್ರಿಲ್ ಇಳಿಸಿದರೆ ಕಪ್ಪು ಹಸಿ ಪುಡಿ ಮೇಲೆ ಬಂತು, ನೀರಲ್ಲಿ ಕೊಳೆಯಲು ಹಾಕಿದ ತೆಂಗಿನ ಸಿಪ್ಪೆಯ ವಾಸನೆ.

"ಮೇಲಿಂದ ಮುಚ್ಚಿ ಮುಚ್ಚಿ ನೀರಿಗೆ ಹೊರಗೆ ಹೋಗ್ಲಿಕ್ಕೆ ದಾರಿಯೇ ಇಲ್ಲ ಅಕ್ಕ. ಕತ್ತರಿಸಿ ಹೊಸ ಮರ ಹಾಕ್ಬೇಕು" ಎಂದರು.

"ಇನ್ನೊಂದು ಪದರ ಹಾಕಿದ್ರೆ ಸಾಕಾಗುದಿಲ್ವಾ ಮಾರಾಯ್ರೆ?" ಮೈದುನ ಕೇಳಿದ.

"ಬಲೆ ಭಾರ ಆದಾಗ ವಿಂಚ್ ಡೆಕ್ಕನ್ನೇ ಕಿತ್ಕೊಂಡು ಬರ್ತದೆ. ಹತ್ರ ನಿಂತವನ ಗತಿ ಎಂತ?"

ಮೈದುನ ಕುಕ್ಕರಗಾಲಿನಲ್ಲಿ ಕೂತು ತೇಪೆಯನ್ನು ಅಂಗಿಯ ತುದಿಯಿಂದ ಒರೆಸಿದ. "ಅತ್ತಿಗೆ, ಇಲ್ಲಿ ನೋಡಿ."

ಅಲ್ಲೊಂದು ಕೈಯ ಅಚ್ಚಿತ್ತು. ಹಿಂದಿನ ವರ್ಷ ತೇಪೆ ಒಣಗುವ ಮೊದಲೇ ನನ್ನವರು ಕೈಯೂರಿ ಎದ್ದಿರಬೇಕು. ಹಗ್ಗಕ್ಕೆ ಸಿಕ್ಕಿ ಸೊಟ್ಟಗಾದ ಕಿರುಬೆರಳು ಹಾಗೆಯೇ ಮೂಡಿತ್ತು. ಮೈದುನ ಕಣ್ಣೊರೆಸಿಕೊಂಡ.

"ಇದೊಂದು ಇರ್ಲಿ ಅತ್ತಿಗೆ. ಅಣ್ಣಂದು ಅಂತ ಬೇರೆ ಎಂತ ಉಂಟು?"

ನನ್ನ ಕಣ್ಣು ಒಣಗಿಯೇ ಇತ್ತು. ನಾನೆಂಥ ಹೆಂಗಸು ಎಂದು ನನಗೇ ಹೇಸಿಗೆಯಾಯಿತು.

"ವಿಂಚಿನ ಹತ್ರ ನಿಲ್ಲುವವ ನೀನು" ಎಂದೆ. ಮೇಸ್ತ್ರಿಯ ಕಡೆ ತಿರುಗಿ, "ಕತ್ತರಿಸಿ" ಎಂದೆ.

ಗರಗಸ ಅಚ್ಚಿನ ನಡುವೆಯೇ ಹಾದುಹೋಯಿತು. ಬೆರಳುಗಳಿದ್ದ ತುಂಡನ್ನು ಮೇಸ್ತ್ರಿ ನನ್ನ ಕೈಗೆ ಕೊಟ್ಟರು. ಅಡಿಯಿಂದ ಕಪ್ಪು ನೀರು ಸೀರೆಯ ಮೇಲೆ ತೊಟ್ಟಿಕ್ಕಿತು. ಈಗಲಾದರೂ ಅಳು ಬಂದೀತೇನೋ ಎಂದು ಅದನ್ನು ಗಟ್ಟಿಯಾಗಿ ಹಿಡಿದೆ. ಕತ್ತರಿಸಿದ ಅಂಚಿನ ಫೈಬರ್ ಎಳೆಗಳು ಅಂಗೈಗೆ ಚುಚ್ಚಿಕೊಂಡವು. ಆಮೇಲೆ ತುಂಡನ್ನು ಕಸದ ರಾಶಿಗೆ ಹಾಕಿದೆ.

ಹೊಸ ಮರ ಕೂತಿತು, ಮಳೆ ಬಿಟ್ಟ ಮೇಲೆ ಬೋಟೂ ನೀರಿಗಿಳಿಯಿತು. ಆಗಲೂ ನನ್ನ ಅಂಗೈ ಕೆಂಪಾಗಿ ಬಾತದ್ದನ್ನು ನೋಡಿ ನೆರೆಮನೆಯಾಕೆ ಒಳಗುಳಿದ ಫೈಬರ್ ಎಳೆ ತೆಗೆಯಲು ಸೂಜಿ ತಂದಳು. ನಾನು ಕೈ ಹಿಂದಕ್ಕೆಳೆದುಕೊಂಡೆ. ನನಗೆ ನೋಯುತ್ತಿದ್ದದ್ದು ಅಲ್ಲೊಂದು ಕಡೆ ಮಾತ್ರ.