ಗ್ವಾಡಿಗಿ ಮಾರಿ ಮಾಡಿ ಉಣ್ಣಾವ್ರು

ಆಲಮಟ್ಟಿಯೊಳಗ ಡ್ಯಾಮಿನ ಕೆಲಸ ನಡದಿದ್ದ ಕಾಲ. ಕಾಲನಿ ಬಾಜೂಕ ಚಂದವ್ವನ ಮೀನಿನ ಖಾನಾವಳಿ. ಮುಂಜಾನಿ ಬಲಿಗಿ ಬಿದ್ದ ಮೀನು ಮಧ್ಯಾಹ್ನ ಆಕಿ ತಾಟಿನ್ಯಾಗ. ಬಿಸಿ ರೊಟ್ಟಿ, ಕೆಂಪನ್ನ ಸಾರು, ಮ್ಯಾಲ ಪುಕ್ಕಟ ಬೈಗುಳ. "ರೊಟ್ಟಿ ಮುರಿಯಾಕ ಬರಂಗಿಲ್ಲ, ಡ್ಯಾಮ್ ಏನ್ ಕಟ್ತೀಯೋ ಮಾರಾಯಾ!" ಅಂತ ಬೈದ್ರ ಗೌಂಡಿಗಳು ನಕ್ಕು ಇನ್ನೊಂದು ರೊಟ್ಟಿ ಕೇಳ್ತಿದ್ರು.

ಗೌಂಡಿಗಳು ಉಣ್ಣೂದು ಮುಂದಿನ ಪಡಸಾಲ್ಯಾಗ. ಅದರ ಹಿಂದ ಒಂದು ಪಡದೆ. ಪಡದೆ ಹಿಂದಿನವರು ಮನ್ಯಾಗ ತತ್ತಿ ಹೆಸರೂ ಎತ್ತದ ದೊಡ್ಡ ಮನಿತನದವರು. ಹಿತ್ತಲ ಬಾಗಿಲದಿಂದ ಟಾವೆಲ್ ಮುಸುಕು ಹಾಕ್ಕೊಂಡು ಬಂದು, ಗ್ವಾಡಿಗಿ ಮಾರಿ ಮಾಡಿ ಸಾಲಾಗಿ ಕುಂಡ್ರಾವ್ರು. ಒಬ್ಬರ ಮಾರಿ ಒಬ್ಬರು ನೋಡಬಾರದು, ಚಂದವ್ವನೂ ನೋಡಬಾರದು. ಮಾತೂ ಇಲ್ಲ. ರೊಟ್ಟಿ ಬೇಕಂದ್ರ ಬೆರಳು ಎತ್ತೂದು, ಮೀನಿನ ತಲಿ ಬೇಕಂದ್ರ ತಮ್ಮ ತಲಿ ಮುಟ್ಕೊಳ್ಳೂದು. ಆಕಿ ಹಿಂದಿನಿಂದ ಕೈ ಚಾಚಿ ನೀಡ್ತಿದ್ಳು. ಆರು ವರ್ಷ ಹಿಂಗ ನಡೀತು.

ಎಪ್ಪತ್ತಾರರಾಗ ಕಾಲನಿಯ ಐದು ಮಂದಿ ಹಿರೇರು ಅರ್ಜಿ ಬರದ್ರು: ಮೀನಿನ ನಾತಕ್ಕ ಉಸಿರಾಡಾಕ ಆಗವಲ್ದು, ಖಾನಾವಳಿ ಎಬ್ಬಿಸ್ರಿ. ಗಂಡ ಸತ್ತ ಮ್ಯಾಲ ಚಂದವ್ವಗ ಇದ್ದದ್ದು ಅದೊಂದ ಒಲಿ. ಎಬ್ಬಿಸಿದ್ರ ಹೋಗೂದೆಲ್ಲಿ?

ಡ್ಯಾಮಿನ ದೊಡ್ಡ ಸಾಹೇಬ್ರು ಎಲ್ಲಾರನ್ನೂ ಬೇವಿನ ಗಿಡದ ಕೆಳಗ ಕರೆಸಿದ್ರು. ಹಿರೇರೊಳಗ ಹಿರೇ ಬಸಂತರಾಯ, ಹಣಿತುಂಬ ಈಬತ್ತಿ, ಮೂಗಿಗಿ ಟಾವೆಲ್ ಹಿಡದು ಅರ್ಜಿ ಓದಿದ. ಓದಿ, ಸಾಹೇಬ್ರ ಕೈಯಾಗ ಕೊಡಾಕ ಹೊಳ್ಳಿದ.

ಚಂದವ್ವ ಆ ಬೆನ್ನು ನೋಡಿದ್ಳು. ಎಡಕ್ಕ ಇಳದ ಹೆಗಲು, ಕುತ್ತಿಗಿ ಮ್ಯಾಲ ಕಡಲಿಯಷ್ಟು ಮಚ್ಚಿ. ಯವ್ವಾ! ಈ ಬೆನ್ನಿಗಿ ನಿನ್ನೆನ ಎರಡು ತಲಿ ನೀಡೇನಲ್ಲ!

"ನಿಂದೇನೈತಿ ಹೇಳವಾ," ಅಂದ್ರು ಸಾಹೇಬ್ರು.

"ಇವರ ಮಾರಿ ನನಗ ಗುರ್ತಿಲ್ರಿ. ಐದೂ ಮಂದಿಗಿ ಹೊಳ್ಳಿ ನಿಂದ್ರಾಕ ಹೇಳ್ರಿ. ಬೆನ್ನು ನೋಡಿ, ಯಾರು ಎಷ್ಟು ತುಂಡು ತಿಂತಾರ ಹೇಳ್ತೇನಿ."

ಒಬ್ಬನೂ ಹೊಳ್ಳಲಿಲ್ಲ. ಬಸಂತರಾಯನ ಈಬತ್ತಿ ಬೆವರಿಗಿ ಕರಗಿ ಮೂಗಿಗಿ ಬಂತು. "ಅರ್ಜಿ... ವಾಪಸ್ ತಗೋತೇವ್ರಿ," ಅಂದ. ಐವರೂ ಕೈ ಮುಗದು ಹಿಂದಹಿಂದಕ ಹೆಜ್ಜಿ ಇಟಗೋತ ಗೇಟಿನ ತನಕ ಹೋದ್ರು. ಒಬ್ಬ ಗಟಾರಕ್ಕ ಬಿದ್ದ, ಬಿದ್ರೂ ಬೆನ್ನು ತೋರಿಸಲಿಲ್ಲ. ಗೌಂಡಿಗಳು ಹೊಟ್ಟಿ ಹಿಡಕೊಂಡು ನಕ್ರು.

ಚಂದವ್ವ ನಗಲಿಲ್ಲ. ಮನಿಗಿ ಬಂದು ಪಡದೆ ಹರದು ಒಲಿ ಒರಸೂ ಮಸಿಅರಿವಿ ಮಾಡಿದ್ಳು. "ಮುಳ್ಳು ಆರಿಸಿ ಆರಿಸಿ ಉಣ್ಣಿಸಿದೆ ಭಾಡ್ಯಾಗಳಿಗಿ," ಅಂತ ಒಲಿ ಮುಂದ ಕುಂತು ಅತ್ಳು.

ಮೂರು ದಿನ ಗ್ವಾಡಿ ಬಾಜೂಕ ಯಾರೂ ಬರಲಿಲ್ಲ. ನಾಲ್ಕನೇ ದಿನ ಬಸಂತರಾಯ ಮುಂದಿನ ಬಾಗಿಲದಿಂದ ಬಂದು, ಗೌಂಡಿಗಳ ನಡುವ, ರಸ್ತೆಗಿ ಮಾರಿ ಮಾಡಿ ಕುಂತ. ರೂಢಿಯಂಗ ತಲಿ ಮುಟ್ಕೊಂಡ.

ಚಂದವ್ವ ಸೌಟು ಹಿಡಕೊಂಡು ನಿಂತೇ ಇದ್ಳು. "ಬಾಯಿ ಐತಿಲ್ರಿ? ಬಾಯಿಲೆ ಕೇಳ್ರಿ."

ಅಂವ ಒಮ್ಮೆ ರಸ್ತೆ ನೋಡಿದ. ಆಮ್ಯಾಲ ಪಡಸಾಲಿಗೆಲ್ಲಾ ಕೇಳೂ ಹಂಗ ಅಂದ:

"ಮೀನಿನ ತಲಿ ಹಾಕವಾ, ಚಂದವ್ವ."